ಹಲ್ಲಿಲ್ಲದ ಕೂಗು

ಲವೋನ್ ಸ್ಟ್ರಾಡ್ಲಿ ಒಮ್ಮೆ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಕೆಮ್ಮಿದಾಗ ಹೊರಗೆ ಪಿಕಪ್‌ಗಳ ಮೇಲೆ ಕೂತಿದ್ದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವಂತೆ. ಇದು ಅವಳ ಗಂಡ ಮೆರ್ಲ್ ಹೇಳುವ ಕಥೆ. ಮೆರ್ಲ್ ಹೇಳಿದ್ದರಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುವುದು ಡ್ರೈ ಫೋರ್ಕ್ ಕಣಿವೆಯವರ ಅಭ್ಯಾಸ. ಈ ಕಥೆಯಲ್ಲಿ ಮಾತ್ರ ಯಾರೂ ಏನನ್ನೂ ಕಳೆಯುವುದಿಲ್ಲ, ಯಾಕೆಂದರೆ ಲವೋನಳ ಗಂಟಲು ಎಂಥದೆಂದು ಎಲ್ಲರಿಗೂ ಗೊತ್ತು.

ವರ್ಷದಲ್ಲಿ ಒಂಬತ್ತು ತಿಂಗಳು ಅವಳು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುವ, ಬಟಾಣಿ ಬಿಟ್ಟೇಳುವ ಮಕ್ಕಳನ್ನು ಗದರುವ ಅರವತ್ತೈದರ ಹೆಂಗಸು. ಶಾಲೆಗೆ ಬೇಸಿಗೆ ರಜೆ ಬಿದ್ದ ದಿನವೇ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಗೋಡೆಯ ಮೇಲಿನ ರೈಫಲ್ ಇಳಿಸುತ್ತಾಳೆ. ಆ ಹೊತ್ತಿಗೆ ಕಯೋಟಿಗಳ ಮನೆಯಲ್ಲೂ ಮರಿಗಳು ಎದ್ದು ಓಡಾಡುತ್ತಿರುತ್ತವೆ. ತೋಳಕ್ಕೆ ತಮ್ಮ, ನರಿಗೆ ಅಣ್ಣ ಅನ್ನಬಹುದಾದ ಈ ಪ್ರಾಣಿ ಉಳಿದ ಕಾಲದಲ್ಲಿ ಇಲಿ, ಮೊಲ ಹಿಡಿದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಗೂಡಿನಲ್ಲಿ ಐದಾರು ಬಾಯಿಗಳು ಹಸಿವೆಂದು ಕಿರುಚತೊಡಗಿದ ಮೇಲೆ ಇಲಿ ಎಲ್ಲಿಗೆ ಸಾಕಾಗಬೇಕು? ಕುರಿಮರಿಗೆ ಬಾಯಿ ಹಾಕುತ್ತದೆ. ಆಗ ಗ್ರೇಷಿಯನ್ ಇರಿಬೆರಿ ಫೋನು ಮಾಡುತ್ತಾನೆ. ಗ್ರೇಷಿಯನ್ ಸ್ಪೇನಿನ ಗುಡ್ಡಗಾಡಿನಿಂದ ಬಂದ ಬಾಸ್ಕ್ ಕುರಿಗಾರರ ಮೊಮ್ಮಗ. ಎರಡು ಸಾವಿರ ಕುರಿಗಳ ಯಜಮಾನನಾದರೂ ಒಂದೇ ಒಂದು ಮರಿ ಸತ್ತರೆ ಮಧ್ಯಾಹ್ನದ ಊಟ ಬಿಡುವ ಮನುಷ್ಯ.

ಬೇರೆ ಬೇಟೆಗಾರರು ಕೂಗಲು ಕೊಳವೆ ಊದುತ್ತಾರೆ. ಲವೋನ್ ಎರಡು ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು, ತಲೆಯೆತ್ತಿ, ಸುಮ್ಮನೆ ಕೂಗುತ್ತಾಳೆ. ಪರವೂರಿನ ಗಂಡು ಕಯೋಟಿಯೊಂದು ಬಂದು 'ಇನ್ನು ಮೇಲೆ ಈ ಜಾಗ ನನ್ನದು' ಎಂದಂತೆ ಇರುತ್ತದೆ ಆ ಕೂಗು. ಮನೆ ಮಕ್ಕಳಿರುವ ಜೋಡಿ ಅದನ್ನು ಕೇಳಿ ಸುಮ್ಮನಿರುವುದುಂಟೇ? ಬೈಯುತ್ತಲೇ ಓಡಿ ಬರುತ್ತವೆ. ಹೀಗೆ ಇಪ್ಪತ್ತಾರು ಬೇಸಿಗೆ ಅವಳು ಗ್ರೇಷಿಯನ್‌ನ ಹಿಂಡು ಕಾದಿದ್ದಳು. ಅಡುಗೆಮನೆಯಲ್ಲಿ ಅವಳು ಯಾರೋ ಒಬ್ಬಳು. ಗುಡ್ಡದ ಮೇಲೆ ಮಾತ್ರ ತಾನು ಲವೋನ್ ಸ್ಟ್ರಾಡ್ಲಿ ಎಂಬುದು ಅವಳಿಗೆ ಗೊತ್ತಿತ್ತು.

ಆ ವರ್ಷ ಏಪ್ರಿಲಿನಲ್ಲಿ ಪಟ್ಟಣದ ಹಲ್ಲಿನ ಡಾಕ್ಟರು ಅವಳ ಬಾಯಲ್ಲಿ ಉಳಿದಿದ್ದ ಹದಿನಾಲ್ಕು ಹಲ್ಲನ್ನೂ ಕಿತ್ತು ಹೊಸ ಸೆಟ್ ಕೂರಿಸಿದರು. ನೋಡಲು ಚೆನ್ನಾಗಿಯೇ ಇತ್ತು.

"ನನ್ನ ಕುದುರೆಗೂ ಇಷ್ಟು ಚೆಂದದ ಹಲ್ಲಿರ್ಲಿಲ್ಲ ಕಣೇ," ಎಂದ ಮೆರ್ಲ್.

"ನಿನ್ನ ಕುದುರೆ ನಿನ್ನ ಮಾತು ಕೇಳಿ ಕೇಳಿನೇ ಹಲ್ಲು ಕಡ್ಕೊಂಡು ಸತ್ತಿದ್ದು."

ಜೂನಿನ ಮೊದಲ ಬೆಳಗ್ಗೆ ಗುಡ್ಡದ ಮೇಲೆ ಕೂತು ಕೂಗಿದಾಗ ಅವಳಿಗೇ ಗಾಬರಿಯಾಯಿತು. ಕೂಗು ಹೊರಟಿತು, ಆದರೆ ಅದರ ಕೆಳಗೆ ಸಣ್ಣದೊಂದು ಸೀಟಿ ಸೇರಿಕೊಂಡಿತ್ತು. ಮತ್ತೆ ಕೂಗಿದಳು. ಮತ್ತೆ ಅದೇ ಸೀಟಿ, ಜೊತೆಗೆ ಮೇಲಿನ ಸೆಟ್ಟು ಸಡಿಲವಾಗಿ ಟಕ್ಕೆಂದಿತು. ಎದುರಿನ ಗುಡ್ಡ ಉತ್ತರ ಕೊಡಲಿಲ್ಲ. ಸೆಟ್ ತೆಗೆದು ಕೂಗೋಣವೆಂದರೆ ದನಿ ಒಡೆದು ಚೂರಾಯಿತು. ಆ ಒಡೆದ ದನಿಯನ್ನು ಅವಳು ಎರಡನೇ ಸಲ ಕೇಳಲು ಬಯಸಲಿಲ್ಲ. ಹಲ್ಲು ಹಾಕಿಕೊಂಡು ಇಡೀ ಜೂನ್ ತಿಂಗಳು ಹೆಣಗಿದಳು. ಗುಡ್ಡಗಳು ಕಿವುಡಾದಂತೆ ಕೂತಿದ್ದವು. ಕೆಂಪು ದಿಬ್ಬದ ಸುತ್ತ ಒಂದು ಜೋಡಿ ಮಾತ್ರ ನಾಲ್ಕೈದು ದಿನಕ್ಕೊಂದು ಕುರಿಮರಿಯನ್ನು ಕೊಲ್ಲುತ್ತಲೇ ಇತ್ತು.

ಜುಲೈ ಮೂರನೇ ವಾರ ಗ್ರೇಷಿಯನ್ ಮನೆಗೇ ಬಂದ. ಲವೋನ್ ಮಾಡಿದ್ದ ಹುಳಿಸಿಹಿ ರೂಬಾರ್ಬ್ ಪೈ ಎರಡು ತುಂಡು ತಿಂದ, ಹವೆಯ ಮಾತಾಡಿದ, ಹುಲ್ಲಿನ ಮಾತಾಡಿದ, ಮೆರ್ಲ್‌ನ ಮಂಡಿನೋವು ವಿಚಾರಿಸಿದ. ಕೆಟ್ಟ ಸುದ್ದಿ ತಂದವನ ಲಕ್ಷಣ ಅದು.

"ಹನ್ನೊಂದಾಯ್ತು ಲವೋನ್," ಎಂದ ಕೊನೆಗೆ. "ನಿನ್ನೆ ಸಂಜೆಗೆ ಹನ್ನೊಂದು ಮರಿ."

"ಗೊತ್ತು. ನಿನ್ನೆ ಆ ಕುರಿನ ನೋಡ್ದೆ. ಕೆಚ್ಚಲು ತುಂಬ್ಕೊಂಡು ಸತ್ತ ಮರಿ ಹತ್ರನೇ ನಿಂತು ಅರಚ್ತಿತ್ತು."

"ನಿಂದೇನೂ ತಪ್ಪಿಲ್ಲ ಬಿಡು. ವಯಸ್ಸು ಅಂದ್ಮೇಲೆ..."

"ಯಾರ ವಯಸ್ಸು? ನಿನಗಿಂತ ನಾಲ್ಕು ವರ್ಷ ಚಿಕ್ಕೋಳು ನಾನು."

"ಹಲ್ಲಿಗಂತೂ ಇನ್ನೂ ಮೂರೇ ತಿಂಗಳು," ಎಂದು ಮೆರ್ಲ್ ಬಾಯಿ ಹಾಕಿದ.

ಗ್ರೇಷಿಯನ್ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಕೂತ. "ನಮ್ಮ ಅಳಿಯ ಬ್ರೆಂಟ್ ಬಂದಿದ್ದಾನೆ. ಟೈರ್ ಅಂಗಡಿಗೆ ಒಂದು ವಾರ ರಜ ಹಾಕಿ. ಅವನತ್ರ ಒಂದು ಪೆಟ್ಟಿಗೆ ಇದೆ. ಗುಂಡಿ ಒತ್ತಿದ್ರೆ ಕೂಗತ್ತೆ. ಮುನ್ನೂರು ಥರ ದನಿ ಇದೆಯಂತೆ. ಮೊಲದ್ದು, ಕೋಳೀದು, ಕಯೋಟೀದು."

"ಅತ್ತೇದು ಇಲ್ವಾ?" ಎಂದ ಮೆರ್ಲ್.

ಗ್ರೇಷಿಯನ್ ನಗಲಿಲ್ಲ. "ಭಾನುವಾರದವರೆಗೂ ನೋಡೋಣ. ನೀನೂ ಹೋಗು, ಅವನೂ ಹೋಗ್ಲಿ. ಯಾರ ಕೈಲಿ ಆಗತ್ತೋ ಮುಂದಕ್ಕೆ ಅವರೇ ನೋಡ್ಕೊಳ್ಲಿ. ಮರಿಗಳು ಸಾಯ್ತಿವೆ ಲವೋನ್. ನಾನೇನ್ ಮಾಡ್ಲಿ?"

"ಸರಿಯಾಗೇ ಹೇಳ್ದೆ," ಎಂದಳು ಲವೋನ್. ಗ್ರೇಷಿಯನ್ ಹೋದ ಮೇಲೆ ತಟ್ಟೆ ತೊಳೆಯುತ್ತ ನಿಂತಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಅವಳಿಗೆ ಭಯವಾಗಿತ್ತು. ಇನ್ನು ಮೇಲೆ ಬೇಸಿಗೆಯಲ್ಲೂ ತಾನು ಯಾರೋ ಒಬ್ಬಳಾಗಿ ಬಿಡುತ್ತೇನೆ ಎಂಬ ಭಯ. ಮೆರ್ಲ್ ಅದನ್ನು ಕಂಡ. ಅಪರೂಪಕ್ಕೆ ಒಮ್ಮೆ ಬಾಯಿ ಮುಚ್ಚಿಕೊಂಡು ತಟ್ಟೆ ಒರೆಸಲು ನಿಂತ.

ಗುರುವಾರ ಮಧ್ಯಾಹ್ನ ವರಾಂಡದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ವಸಡು ಹುಣ್ಣಾಗಿದ್ದರಿಂದ ಸೆಟ್ ತೆಗೆದು ಏಪ್ರನ್ ಜೇಬಿಗೆ ಹಾಕಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಅವಳು ಹಾಗೆ ಮಾಡುವುದು. ಮೆರ್ಲ್ ಕೂಡ ಆ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಆಗ ಅವನು ಗ್ಯಾರೇಜಿನಲ್ಲಿದ್ದ. ಬಿಸ್ಕೆಟ್ ಎಂಬ ಅವರ ಕಂದು ನಾಯಿ ಮೆಟ್ಟಿಲ ಮೇಲೆ ಮಲಗಿತ್ತು. ಲವೋನಳಿಗೆ ತನ್ನ ಮೇಲೇ ರೇಗಿ ಹೋಯಿತು. ಹಾಳಾಗಿ ಹೋಗಲಿ ಎಂದುಕೊಂಡು, ಜೋರಾಗಿ ಅಲ್ಲ, ಗಂಟಲಲ್ಲೇ ಒಂದು ಕೂಗು ಕೂಗಿದಳು.

ಹೊರಬಿದ್ದದ್ದು ಕೂಗಲ್ಲ. ತೆಳ್ಳಗೆ, ನಡುಗುತ್ತ, ಮಧ್ಯೆ ಮಧ್ಯೆ ಮುರಿಯುತ್ತ ಒಂದು ಕುಂಯ್‌ಗುಟ್ಟುವಿಕೆ. ಬಿಸ್ಕೆಟ್ ಚಂಗನೆ ಎದ್ದಿತು. ಅವಳ ಕುರ್ಚಿಯ ಕೆಳಗೆ ಹುಡುಕಿತು, ಬಟಾಣಿಯ ಬುಟ್ಟಿಯಲ್ಲಿ ಹುಡುಕಿತು, ಕೊನೆಗೆ ಅವಳ ಮಡಿಲ ಮೇಲೆ ಕಾಲಿಟ್ಟು ಬಾಯಿಯನ್ನೇ ನೆಕ್ಕತೊಡಗಿತು.

"ಯಾರ ಮರಿನ ತುಳಿದ್ಯೇ?" ಎಂದು ಗ್ಯಾರೇಜಿನಿಂದ ಮೆರ್ಲ್ ಕೂಗಿದ.

ಲವೋನಳ ಕೈ ಬಟಾಣಿಯ ಮೇಲೆ ಹಾಗೇ ನಿಂತಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಬಾರದೇ ಉಳಿದ ಒಂದೇ ದನಿ ಕಯೋಟಿ ಮರಿಯದು. ಅವಳ ಗಂಟಲು ಅದಕ್ಕೆ ದೊಡ್ಡದಾಗಿತ್ತು. ಜೂನ್ ಪೂರ್ತಿ ತಾನು ಗಂಡು ಕಯೋಟಿಯಾಗಲು ಹೋಗಿ ಏನೂ ಆಗದೆ ಉಳಿದಿದ್ದಳು. ಹಲ್ಲು ತೆಗೆದರೆ ತಾನೊಂದು ಮರಿ. ಜುಲೈ ತಿಂಗಳಲ್ಲಿ ಮರಿ ಅತ್ತರೆ ಯಾವ ತಂದೆ ತಾಯಿ ನಿಂತಲ್ಲಿ ನಿಂತಾರು?

ಮರಿಯ ದನಿ ಸಿಕ್ಕಿತು ನಿಜ, ಆದರೆ ಬೊಚ್ಚು ಬಾಯಿಯ ಮುಖವನ್ನು ಯಾರಿಗೂ ತೋರಿಸಲು ಅವಳಿಗೆ ಇಷ್ಟವಿರಲಿಲ್ಲ. ಅಲ್ಲೇ ಅವಳು ಎಡವಿದ್ದು. ಡ್ರೈ ಫೋರ್ಕ್‌ನಲ್ಲಿ ಒಂದು ಕಟ್ಟಳೆ ಇದೆ. ಯಾವ ಹುಲ್ಲುಗಾವಲಿಗೆ ಕೂಗಲು ಹೋಗುತ್ತೇವೋ ಅದರ ಗೇಟಿನ ಕಂಬಕ್ಕೆ ನಮ್ಮ ಟೋಪಿ ಹಾಕಿ ಒಳಗೆ ಹೋಗಬೇಕು. ಒಳಗೆ ಮನುಷ್ಯರಿದ್ದಾರೆ, ಕೂಗಿದ್ದಕ್ಕೆಲ್ಲ ಗುಂಡು ಹಾರಿಸಬೇಡಿ ಎಂದು ಅದರ ಅರ್ಥ. ಲವೋನಳ ಕಿತ್ತಳೆ ಬಣ್ಣದ ಟೋಪಿ ಎಲ್ಲರಿಗೂ ಪರಿಚಿತ. ಅದನ್ನು ಕಂಡರೆ ಗ್ರೇಷಿಯನ್ ಥರ್ಮಾಸಿನಲ್ಲಿ ಕಾಫಿ ಹಿಡಿದು ಗೇಟಿನ ಬಳಿ ಕಾಯುತ್ತಾನೆ, ಹಾದುಹೋಗುವವರೆಲ್ಲ ಪಿಕಪ್ ನಿಲ್ಲಿಸಿ ಎಷ್ಟು ಬಿತ್ತು ಎಂದು ಕೇಳುತ್ತಾರೆ. ಬಾಯಿ ಬಿಡದೆ ಅವರಿಗೆ ಉತ್ತರ ಹೇಳುವುದು ಹೇಗೆ? ಶನಿವಾರ ನಸುಕಿನಲ್ಲಿ ದಕ್ಷಿಣದ ಗೇಟಿನಿಂದ ಒಳಹೊಕ್ಕಾಗ ಅವಳು ಟೋಪಿಯನ್ನು ತಲೆಯ ಮೇಲೇ ಇಟ್ಟುಕೊಂಡು, ಬಣ್ಣ ಕಾಣದಂತೆ ಅದರ ಮೇಲೆ ಮಾಸಲು ಸ್ಕಾರ್ಫು ಸುತ್ತಿಕೊಂಡಳು.

ಕೆಂಪು ದಿಬ್ಬದ ಕೆಳಗೆ, ಗಾಳಿ ಮುಖಕ್ಕೆ ಬರುವಂತೆ, ಸೇಜ್ ಪೊದೆಗೆ ಬೆನ್ನು ಕೊಟ್ಟು ಕೂತಳು. ಬಿಸ್ಕೆಟ್ ಪಕ್ಕದಲ್ಲಿ ಮಲಗಿತು. ಬೆಳಕು ಹರಿಯುತ್ತಿದ್ದಂತೆ ಅಂಗೈಗಳನ್ನು ಬಾಯಿಗೆ ಹಿಡಿದು ಅತ್ತಳು. ಒಂದು ಸಲ, ಸ್ವಲ್ಪ ಬಿಟ್ಟು ಎರಡು ಸಲ.

ದಿಬ್ಬದ ಆಚೆಯಿಂದ ಒಂದು ಹೆಣ್ಣು ಕಯೋಟಿ ಉತ್ತರ ಕೊಟ್ಟಿತು.

ಲವೋನಳ ಎದೆ ತುಂಬಿ ಬಂತು. ಎರಡು ತಿಂಗಳ ಮೇಲೆ ಗುಡ್ಡ ಮಾತಾಡಿತ್ತು. ಮತ್ತೆ ಅತ್ತಳು. ಮತ್ತೆ ಉತ್ತರ, ಈ ಸಲ ಸ್ವಲ್ಪ ಹತ್ತಿರದಿಂದ. ಅಲ್ಲಿಂದ ಮುಂದೆ ಒಂದು ಗಂಟೆ ಹೊತ್ತು ಅವಳು ಅಳುವುದು, ಅದು ಸಂತೈಸುವುದು. ಒಂದೇ ತೊಂದರೆಯೆಂದರೆ ಹೆಣ್ಣು ಕೂಗಿದಾಗೆಲ್ಲ ಬಿಸ್ಕೆಟ್ ಬಾಲ ಆಡಿಸುತ್ತಿತ್ತು.

"ಬುದ್ಧಿ ಎಲ್ಲಿಟ್ಟಿದ್ದೀಯೋ? ಅದು ಕಯೋಟಿ, ನಿಮ್ಮ ಚಿಕ್ಕಮ್ಮ ಅಲ್ಲ," ಎಂದು ಪಿಸುಗುಟ್ಟಿ ಅದರ ಬಾಲವನ್ನು ಮಂಡಿಯ ಕೆಳಗೆ ಒತ್ತಿ ಹಿಡಿದಳು.

ದಿಬ್ಬದ ಅಂಚಿನಲ್ಲಿ ಪೊದೆಯೊಂದು ಅಲುಗಿತು. ಅವಳು ರೈಫಲ್ ಎತ್ತಿ ಅದರ ದುರ್ಬೀನಿಗೆ ಕಣ್ಣಿಟ್ಟಳು. ಎಲೆಗಳ ನಡುವೆ ತಿಳಿ ಬಣ್ಣದ್ದೇನೋ ಕಂಡಿತು. ಬೆರಳು ಬಂದೂಕಿನ ಕುದುರೆಯ ಮೇಲೆ ಹೋಯಿತು. ಆಗ ಬಿಸಿಲಿನ ಮೊದಲ ಕಿರಣ ಆ ತಿಳಿ ಬಣ್ಣದ ಮೇಲೆ ಬಿದ್ದು ಅದು ಫಳಫಳ ಹೊಳೆಯಿತು. ಯಾವ ಕಯೋಟಿಯ ನೆತ್ತಿಯೂ ಹಾಗೆ ಹೊಳೆಯುವುದಿಲ್ಲ. ಅದು ಬೋಳು ತಲೆ. ಅದರ ಕೆಳಗೆ ಅವಳತ್ತಲೇ ಗುರಿಯಿಟ್ಟ ಇನ್ನೊಂದು ರೈಫಲಿನ ಮೂತಿ.

ಲವೋನ್ ರೈಫಲ್ ನೆಲಕ್ಕಿಟ್ಟು, ಎರಡೂ ಕೈ ಮೇಲೆತ್ತಿ, ಎದ್ದು ನಿಂತಳು.

"ಮನುಷ್ಯಳು!" ಎಂದು ಕಿರುಚಿದಳು. "ಗುಂಡು ಹಾಕ್ಬೇಡ, ಮನುಷ್ಯಳು ಕಣೋ ನಾನು!"

ಪೊದೆಯಿಂದ ಮೂವತ್ತರ ಒಬ್ಬ ಗಂಡಸು ತೆವಳಿಕೊಂಡೇ ಎದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಎದೆ, ಹೊಟ್ಟೆಯೆಲ್ಲ ಮುಳ್ಳು, ಮಣ್ಣು. "ಮಿಸೆಸ್ ಸ್ಟ್ರಾಡ್ಲಿ?" ಎಂದ ಗ್ರೇಷಿಯನ್‌ನ ಅಳಿಯ ಬ್ರೆಂಟ್. "ಅಯ್ಯೋ ದೇವ್ರೇ. ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ ನಾನು ನಿಮ್ಮನ್ನ..."

"ನಾನೂ ನಿಮ್ಮನ್ನ. ಬನ್ನಿ, ಕೂತ್ಕೊಳ್ಳಿ."

ಇಬ್ಬರೂ ನೆಲದ ಮೇಲೆ ಕೂತರು. ಬಿಸ್ಕೆಟ್ ಹಳೇ ಗೆಳೆಯನನ್ನು ಕಂಡಂತೆ ಹೋಗಿ ಬ್ರೆಂಟ್‌ನ ಕಿವಿ ನೆಕ್ಕಿತು.

"ನಿಮ್ಮ ಟೋಪಿ ಎಲ್ಲಿ?" ಎಂದಳು ಲವೋನ್. ಸ್ವಲ್ಪ ಗಡುಸಾಗಿಯೇ ಕೇಳಿದಳು, ಭಯ ಇನ್ನೂ ಇಳಿದಿರಲಿಲ್ಲ.

"ಉತ್ತರದ ಗೇಟಲ್ಲಿ ತೂಗ್ ಹಾಕಿದೀನಿ. ಮಾವ ಮೂರು ಸಲ ಹೇಳಿ ಕಳ್ಸಿದ್ರು. ನಿಮ್ದು?"

ಲವೋನ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದಳು. "ತಪ್ಪು ನಂದು," ಎಂದಳು. "ಹಲ್ಲು ಹಾಕ್ಕೊಳ್ದೆ ಬಂದಿದ್ದೆ. ಯಾರಾದ್ರೂ ನೋಡ್ತಾರೆ ಅಂತ ಗೇಟಿಗೆ ಟೋಪಿ ಹಾಕ್ಲಿಲ್ಲ. ಈ ಮುಖಕ್ಕೋಸ್ಕರ ಇಬ್ರಲ್ಲಿ ಒಬ್ರು ಹೆಣ ಆಗ್ತಿದ್ವಿ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ."

ಬ್ರೆಂಟ್ ಅವಳ ಬಾಯಿಯನ್ನು ನೋಡಲೇ ಇಲ್ಲ. ಅವನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. "ಹಾಗಾದ್ರೆ ಆ ಮರಿ ನೀವಾ? ಒಂದು ಗಂಟೆಯಿಂದ ಅಳ್ತಿದ್ದಿದ್ದು?"

"ನಾನೇ."

"ನಾನು ಗೂಡು ಇಲ್ಲೇ ಸಿಕ್ತು ಅಂದ್ಕೊಂಡೆ. ಪೆಟ್ಟಿಗೇಲಿ ತಾಯಿ ಕೂಗು ಹಾಕಿ, ಮರಿನ ಸಮಾಧಾನ ಮಾಡ್ತಾ ಮಾಡ್ತಾ ಅರ್ಧ ಮೈಲಿ ಹೊಟ್ಟೆ ಮೇಲೆ ತೆವಳ್ಕೊಂಡು ಬಂದೆ. ಕಳ್ಳಿ ಮುಳ್ಳೆಲ್ಲ ನನ್ನ ಹೊಟ್ಟೇಲಿದೆ ನೋಡಿ."

"ಗಾಳಿ ಬೆನ್ನಿಗೆ ಇಟ್ಕೊಂಡು, ತನ್ನ ವಾಸನೆ ಮುಂದೆ ಕಳ್ಸಿ ಬರೋ ಬೇಟೆಗಾರನ್ನ ನಾನು ಇವತ್ತೇ ನೋಡಿದ್ದು."

"ಗಾಳಿ ಬೆನ್ನಿಗೆ ಇಟ್ಕೊಂಡು ಬರೋ ಕಯೋಟಿನ ನೀವು ನಂಬಿದ್ರಲ್ಲ ಮಿಸೆಸ್ ಸ್ಟ್ರಾಡ್ಲಿ."

ಲವೋನ್ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ. ಬೊಚ್ಚು ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹೌದು, ಇಪ್ಪತ್ತಾರು ವರ್ಷದ ಅನುಭವಸ್ಥೆ ಟೈರ್ ಅಂಗಡಿಯವನ ಪೆಟ್ಟಿಗೆಯ ಜೊತೆ ಒಂದು ಗಂಟೆ ಸಂಸಾರ ಮಾಡಿದ್ದಳು. ನಾಯಿಗೆ ಗೊತ್ತಾದದ್ದು ಅವಳಿಗೆ ಗೊತ್ತಾಗಿರಲಿಲ್ಲ.

ನಗು ನಿಂತ ಮೇಲೆ ಅವಳ ತಲೆ ಕೆಲಸ ಮಾಡತೊಡಗಿತು. "ನಿಜವಾದ ಜೋಡಿ ಇಲ್ಲೇ ಎಲ್ಲೋ ಇದೆ," ಎಂದಳು. "ಒಂದು ಗಂಟೆಯಿಂದ ಯಾರದೋ ಮರಿ ಅಳ್ತಾ ಇದೆ, ಯಾವಳೋ ಹೊಸಬಳು ತಾಯಿ ಥರ ಮಾತಾಡಿಸ್ತಾ ಇದ್ದಾಳೆ. ಅವಕ್ಕೆ ಹೊಟ್ಟೆಗೆ ಬೆಂಕಿ ಬಿದ್ದಿರತ್ತೆ. ನಾವು ಕಿರುಚಾಡಿದ್ದಕ್ಕೆ ಹೆದರಿ ನಿಂತಿವೆ ಅಷ್ಟೆ. ಆ ಪೆಟ್ಟಿಗೆ ಬಂದ್ ಮಾಡಿ. ನನ್ನ ಜೊತೆ ಬನ್ನಿ."

ಹಳ್ಳಕ್ಕಿಳಿದು ಸುತ್ತು ಹಾಕಿ ಆಚೆ ಬದಿಯ ಪೊದೆಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅರ್ಧ ಗಂಟೆ ಉಸಿರೂ ಬಿಡಲಿಲ್ಲ. ಮೇಲಿನ ಕುರಿಹಿಂಡು ಮೇಯತೊಡಗಿತು, ಮಿಡತೆಗಳು ಸದ್ದು ಶುರು ಮಾಡಿದವು. ಆಗ ಲವೋನ್ ಮತ್ತೆ ಅತ್ತಳು. ಈ ಸಲ ಕಾಲು ಸಿಕ್ಕಿಕೊಂಡ ಮರಿಯಂತೆ ಸಣ್ಣಗೆ, ಬಿಟ್ಟು ಬಿಟ್ಟು.

ಬಿಸ್ಕೆಟ್‌ನ ಬಾಲ ಆಡಲಿಲ್ಲ. ಕತ್ತಿನ ಕೂದಲು ನಿಮಿರಿ ನಿಂತಿತು.

ಗಂಡು ಮೊದಲು ಬಂತು. ಹಳ್ಳದ ಅಂಚಿನಲ್ಲಿ, ಎಂಬತ್ತು ಹೆಜ್ಜೆ ದೂರದಲ್ಲಿ ನಿಂತು ಮೂಗೆತ್ತಿತು. ಲವೋನ್ ಗುಂಡು ಹಾರಿಸಿದಳು. ಅದು ನಿಂತಲ್ಲೇ ಬಿತ್ತು. ಹಿಂದೆ ಬರುತ್ತಿದ್ದ ಹೆಣ್ಣು ತಿರುಗಿ ಓಡಿತು. ಲವೋನ್ ಬಂದೂಕು ಕೆಳಗಿಳಿಸದೆಯೇ ಇನ್ನೊಮ್ಮೆ ಮರಿಯಾಗಿ ಅತ್ತಳು. ಓಡುತ್ತಿದ್ದ ಹೆಣ್ಣು ನಿಂತಿತು. ತಿರುಗಿತು. ಸುತ್ತಿ ಬಳಸಿ ಬ್ರೆಂಟ್‌ನ ಕಡೆಯಿಂದ ಬಂತು. ಅದು ಇವರನ್ನು ನೋಡುತ್ತಿರಲಿಲ್ಲ. ಪೊದೆಯ ಬುಡಗಳಲ್ಲಿ ಮರಿಯನ್ನು ಹುಡುಕುತ್ತಿತ್ತು.

"ನಿಮ್ಮ ಕಡೆ," ಎಂದು ಲವೋನ್ ಉಸುರಿದಳು.

ಬ್ರೆಂಟ್ ಗುರಿ ಇಟ್ಟ. ಐವತ್ತು ಹೆಜ್ಜೆ. ನಲವತ್ತು. ಗುಂಡು ಹಾರಲಿಲ್ಲ. ಅವಳು ಮೆಲ್ಲನೆ ತಿರುಗಿ, ಅವನ ಹೆಗಲ ಪಕ್ಕದಿಂದ ರೈಫಲ್ ಚಾಚಿ, ತಾನೇ ಹೊಡೆದಳು.

ಬ್ರೆಂಟ್ ರೈಫಲನ್ನು ಮಂಡಿಯ ಮೇಲಿಟ್ಟುಕೊಂಡ. "ನಮ್ಮನೇಲಿ ಮೂರು ತಿಂಗಳ ಮಗು ಇದೆ," ಎಂದ. "ಅದೂ ಹಾಗೇ ಅಳತ್ತೆ. ನನ್ನ ಕೈಲಿ ಆಗ್ಲಿಲ್ಲ."

"ಆಗ್ದೇ ಇದ್ದಿದ್ದು ಒಳ್ಳೇದೇ. ಮರಿ ಅಳೋದು ಕೇಳಿ ಬರೋ ತಾಯಿನ ಹೊಡೆಯೋದು ಚೆಂದದ ಕೆಲ್ಸ ಅಂತ ನಾನು ಯಾರ ಹತ್ರನೂ ಹೇಳಿಲ್ಲ. ನಂಗೂ ಸಂಕಟ ಆಗತ್ತೆ, ಪ್ರತೀ ಸಲ. ಆದ್ರೆ ಕೆಚ್ಚಲು ತುಂಬ್ಕೊಂಡು ನಿಂತಿರೋ ಕುರಿನೂ ತಾಯಿನೇ. ಇಬ್ರಲ್ಲಿ ಒಬ್ರ ಕಡೆ ನಿಲ್ಬೇಕು."

"ಇವುಗಳ ಮರಿಗಳು?"

"ಬೆಳ್ದಿವೆ. ಮಿಡತೆ, ಇಲಿ ಹಿಡ್ಕೊಂಡು ಬದುಕ್ಕೋತವೆ. ಕುರಿ ಹಿಡಿಯೋದು ಹೇಳ್ಕೊಡೋರು ಇಲ್ಲ ಅಷ್ಟೆ."

ಉತ್ತರದ ಗೇಟಿನಲ್ಲಿ ಅಳಿಯನ ಟೋಪಿ ಕಂಡು ಗ್ರೇಷಿಯನ್ ಥರ್ಮಾಸ್ ಹಿಡಿದು ಕಾಯುತ್ತ ನಿಂತಿದ್ದ. ಎರಡು ಕಯೋಟಿಗಳನ್ನು ಹೊತ್ತು ಬಂದ ಇಬ್ಬರನ್ನೂ ಕಂಡು ಅವನ ಹುಬ್ಬು ಮೇಲೇರಿತು.

"ಯಾರು ಹೊಡೆದಿದ್ದು? ಒಬ್ಬೊಬ್ರು ಒಂದೊಂದಾ?"

ಲವೋನ್ ನೆಲ ನೋಡಿದಳು. ಅಳಿಯ ಒಂದು ಮಾತು ಹೌದೆಂದರೆ ಸಾಕಿತ್ತು. ಸ್ವಂತ ಅಳಿಯ, ಮೂವತ್ತರ ವಯಸ್ಸು, ಮುನ್ನೂರು ದನಿಯ ಪೆಟ್ಟಿಗೆ. ಗ್ರೇಷಿಯನ್ ಯಾರನ್ನು ಆರಿಸುತ್ತಾನೆಂದು ಕೇಳಬೇಕೇ?

"ಎರಡೂ ಅವರೇ," ಎಂದ ಬ್ರೆಂಟ್. "ಇವತ್ತು ಅವರು ಕರೆದಿದ್ದು ಒಟ್ಟು ಮೂರು, ಮಾವ. ಮೊದಲು ಬಂದೋನು ನಾನೇ. ಅರ್ಧ ಮೈಲಿ ತೆವಳ್ಕೊಂಡು." ಅಂಗಿ ಎತ್ತಿ ಹೊಟ್ಟೆ ತೋರಿಸಿದ.

ವಿಷಯ ಪೂರ್ತಿ ಕೇಳುವಷ್ಟರಲ್ಲಿ ಗ್ರೇಷಿಯನ್‌ಗೆ ಕಾಫಿ ನೆತ್ತಿಗೇರಿತು. ಬ್ರೆಂಟ್ ಬೆನ್ನು ತಟ್ಟಬೇಕಾಯಿತು. ಗೇಟಿಗೆ ಟೋಪಿ ಹಾಕದೆ ಹೋದದ್ದಕ್ಕೆ ಗ್ರೇಷಿಯನ್ ಲವೋನಳನ್ನು ಬಾಸ್ಕ್ ಭಾಷೆಯಲ್ಲಿ ಒಂದಿಷ್ಟು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಒಂದಿಷ್ಟು ಬೈದ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಆಮೇಲೆ ಅವನು ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟ.

"ಆಗಸ್ಟಿಗೆ ಹಿಂಡನ್ನ ಮೇಲಿನ ಹುಲ್ಲುಗಾವಲಿಗೆ ಹೊಡೀತೀವಿ," ಎಂದ, ಕುರಿಗಳ ಕಡೆ ನೋಡುತ್ತ. "ಅಲ್ಲೂ ಒಂದು ಜೋಡಿ ಇದೆ ಅಂತ ಕಾಯೋರು ಹೇಳಿದ್ರು. ಯಾವತ್ತು ಬರ್ತೀಯಾ?"

ಎರಡು ತಿಂಗಳಿಂದ ಲವೋನಳ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಕಣ್ಣಿಗೆ ಬಂತು. ಅದನ್ನು ಒರೆಸಿಕೊಳ್ಳಲೂ ಹೋಗದೆ, ಇಪ್ಪತ್ತಾರು ವರ್ಷ ಹೇಳುತ್ತ ಬಂದ ಹಾಗೆಯೇ ಹೇಳಿದಳು:

"ನೀನು ಯಾವತ್ತು ಅಂದ್ರೆ ಅವತ್ತು."